ಸಣ್ಣ ಉರಿ, ಬಹಳ ಹೊತ್ತು

ಎಲ್ಲರಿಗೂ ನಮಸ್ಕಾರ. ನಂಗೆ ಕೊಟ್ಟಿರೋದು ನಾಲ್ಕೇ ನಿಮಿಷ, ಅದ್ರಲ್ಲಿ ನಾಲ್ಕು ಗಂಟೆ ಬೇಯೋ ಅಡುಗೆ ಬಗ್ಗೆ ಹೇಳ್ಬೇಕು, ನೋಡಿ ನನ್ನ ಪಾಡು. ಅಡುಗೆ ಹೆಸರು ಪೆಪೋಸೋ, ಇಟಲಿಯ ಟಸ್ಕನಿ ಸೀಮೇದು. ದನದ ಮಾಂಸದ್ದು, ಹಂಗಂತ ತಿನ್ನದವರು ರೇಡಿಯೋ ಆಫ್ ಮಾಡ್ಬೇಡಿ, ಇದು ಮೆಣಸಿನ ಕಥೆನೂ ಹೌದು. ಅವರ ಭಾಷೇಲಿ ಪೇಪೆ ಅಂದ್ರೆ ಕಾಳುಮೆಣಸು, ಅದಕ್ಕೇ ಪೆಪೋಸೋ.

ಫ್ಲಾರೆನ್ಸ್‌ನಿಂದ ಸ್ವಲ್ಪ ದಕ್ಷಿಣಕ್ಕೆ ಹೋದ್ರೆ ಇಂಪ್ರುನೇತಾ ಅಂತ ಊರು. ಅಲ್ಲಿನ ಮಣ್ಣು ಹಂಚು, ಇಟ್ಟಿಗೆ, ಕುಂಡಕ್ಕೆ ಹೆಸರುವಾಸಿ, ನಮ್ಮಲ್ಲಿ ಮಂಗಳೂರು ಹಂಚು ಅಂತೀವಲ್ಲ, ಹಾಗೆ. ಇಟ್ಟಿಗೆ ಗೂಡಿನ ಕೆಲಸದವರು ಮಣ್ಣಿನ ಗಡಿಗೇಲಿ ಮೀನಖಂಡದ ಗಟ್ಟಿ ಮಾಂಸ, ಅದು ಅಗ್ಗ ನೋಡಿ, ಜೊತೆಗೆ ಬೆಳ್ಳುಳ್ಳಿ, ಮೆಣಸು, ರೆಡ್ ವೈನ್ ಹಾಕಿ ಗೂಡಿನ ಬಾಯಿ ಹತ್ರ ಇಟ್ಟು ಕೆಲಸಕ್ಕೆ ಹೋಗೋರು. ಅಷ್ಟೇ. ಒಗ್ಗರಣೆ ಇಲ್ಲ, ಈರುಳ್ಳಿ ಇಲ್ಲ, ಯಾರೂ ಕಲಕ್ತಾ ಕೂರೋದಿಲ್ಲ. ಸಣ್ಣ ಉರಿ, ಬಹಳ ಹೊತ್ತು. ಇದೊಂದು ನೆನಪಿಟ್ಕೊಂಡ್ರೆ ಸಾಕು.

ಫ್ಲಾರೆನ್ಸ್ ಚರ್ಚಿನ ದೊಡ್ಡ ಗುಮ್ಮಟ ಇದೆಯಲ್ಲ, ಬ್ರುನೆಲ್ಲೆಸ್ಕಿ ಅನ್ನೋ ವಾಸ್ತುಶಿಲ್ಪಿ 1420ರಲ್ಲಿ ಶುರು ಮಾಡಿ 1436ಕ್ಕೆ ಮುಗಿಸಿದ್ದು, ಆ ಕೆಲಸಗಾರರಿಗೂ ಇದೇ ಊಟ ಅಂತ ಅಲ್ಲಿನವರು ಹೇಳ್ತಾರೆ. ಕೆಲಸದವರು ಊಟಕ್ಕೆ ಇಳಿದು ಹೊತ್ತು ಕಳೀಬಾರ್ದು ಅಂತ ಆ ಮನುಷ್ಯ ಗುಮ್ಮಟದ ಮೇಲೇ ಊಟದಂಗಡಿ ಇಡಿಸಿದ್ದ ಅಂತ, ಇಟಲಿ ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಹೇಳಿದಾನೆ.

ನಾನು ಹುಡುಗನಾಗಿದ್ದಾಗ ಅಲ್ಲೊಂದು ಅಡುಗೆಮನೇಲಿ ಕೆಲಸಕ್ಕಿದ್ದೆ. ಮೊದಲನೇ ಸಲ ಪೆಪೋಸೋ ಮಾಡು ಅಂದ್ರು, ನಾನು ಜಾಣತನ ತೋರಿಸೋಕೆ ಹೋಗಿ ಒಂದು ಡಬ್ಬಿ ಟೊಮ್ಯಾಟೊ ಸುರಿದು ಉರಿ ಜೋರು ಮಾಡ್ದೆ. ಅಡುಗೆ ಅಜ್ಜಿ ಬಂದು ಮುಚ್ಚಳ ತೆಗೆದು ಮೂಸಿ ನೋಡಿದ್ಲು. ಬೈಲಿಲ್ಲ. ನನ್ನ ತೋಳು ಹಿಡ್ಕೊಂಡು ಕಿಟಕಿಗೆ ಕರ್ಕೊಂಡು ಹೋಗಿ ದೂರದ ಆ ಕೆಂಪು ಗುಮ್ಮಟ ತೋರಿಸಿ, ಅದನ್ನ ಕಟ್ಟೋವಾಗ ಟೊಮ್ಯಾಟೊ ಎಲ್ಲಿತ್ತಪ್ಪ ಅಂದ್ಲು! ಹೌದಲ್ಲ, ಟೊಮ್ಯಾಟೊ ಬಂದಿದ್ದು ಅಮೆರಿಕದಿಂದ, ಕೊಲಂಬಸ್ ಅಲ್ಲಿಗೆ ಹಡಗು ಹತ್ತಿದ್ದೇ 1492ರಲ್ಲಿ. ಮತ್ತೆ ಮೊದಲಿಂದ ಇಟ್ಟೆ, ಅರ್ಧ ಗಂಟೆಗೊಂದ್ಸಲ ಮುಚ್ಚಳ ತೆಗೀತಿದ್ದೆ, ಅಜ್ಜಿ ಕೊನೆಗೆ ಮುಚ್ಚಳದ ಮೇಲೆ ಒಂದು ಇಟ್ಟಿಗೆ ಹೇರಿಬಿಟ್ಲು. ಸಂಜೆ ನೋಡಿದ್ರೆ ನರಗಿರ ಎಲ್ಲ ಕರಗಿ ಗೊಜ್ಜು ಕಪ್ಪಗೆ, ತುಟಿಗೆ ಅಂಟೋ ಹಾಗೆ, ಮಾಂಸ ಚಮಚ ತಾಕಿಸಿದ್ರೆ ಬಿಚ್ಕೊಳ್ತಿತ್ತು. ಅಲ್ಲಿನ ಉಪ್ಪಿಲ್ಲದ ಬ್ರೆಡ್ ಅದ್ದಿ ತಿಂದ್ವಿ.

ಗಾಜಿನಾಚೆಯಿಂದ ಕೈ ಸನ್ನೆ ಬಂತು, ಬೇಗ ಹೇಳ್ತೀನಿ. ಆ ಕಾಲಕ್ಕೆ ಅವರ ಮೆಣಸು ವೆನಿಸ್ ಮೂಲಕ ಹೋಗ್ತಿದ್ದದ್ದು, ಹೊರಡ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಮುಂದೆ ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರು ಮೆಣಸಿನ ರಾಣಿ ಅಂದಿದ್ದು ಸುಮ್ನೆ ಅಲ್ಲ. ಅದಕ್ಕೇ ಇನ್ನೊಂದು ದಿನ ಕರೀರಿ ನನ್ನ.

ಒಂದು ಕೆಜಿ ಮಾಂಸಕ್ಕೆ ಒಂದು ಬಾಟ್ಲಿ ವೈನ್, ಹತ್ತು ಎಸಳು ಬೆಳ್ಳುಳ್ಳಿ, ಎರಡು ಚಮಚ ಮೆಣಸು, ಅರ್ಧ ಕುಟ್ಟಿದ್ದು ಅರ್ಧ ಇಡಿ ಕಾಳು. ಸಣ್ಣ ಉರಿ, ಬಹಳ ಹೊತ್ತು. ದಯವಿಟ್ಟು ಕುಕ್ಕರ್ ಮುಟ್ಬೇಡಿ. ಅಯ್ಯೋ, ಉಪ್ಪು ಹೇಳೋದೇ ಮರೆತೆ, ಉಪ್ಪು ಹಾಕಿ.