ಅಟ್ಟದ ಮೇಲಿನ ವಾಲ್ವ್ ರೇಡಿಯೋ

ನಮಸ್ಕಾರ ಕೇಳುಗರೇ. ನಿಮ್ಮ ಮನೆಯ ಅಟ್ಟದ ಮೇಲೆ ತಾತನ ಕಾಲದ ವಾಲ್ವ್ ರೇಡಿಯೋ, ಅಂದರೆ ಒಳಗೆ ಬಲ್ಬಿನಂಥ ಗಾಜಿನ ವಾಲ್ವ್‌ಗಳಿರುವ ರೇಡಿಯೋ ಇದೆಯಾ? ಇದ್ದರೆ, ಇನ್ನೂ ಹಾಡುತ್ತಾ ನೋಡೋಣ ಅಂತ ಅದರ ಪ್ಲಗ್ಗನ್ನು ಸೀದಾ ಗೋಡೆಯ ಸಾಕೆಟ್ಟಿಗೆ ಹಾಕಬೇಡಿ. ನಾನು ಹಾಕಿದ್ದೆ. ಅಪ್ಪನ ರೇಡಿಯೋ ಅದು, ಇಪ್ಪತ್ತೈದು ವರ್ಷ ಯಾರೂ ಮುಟ್ಟಿರಲಿಲ್ಲ. ಅರ್ಧ ನಿಮಿಷ ಸುಮ್ಮನಿತ್ತು. ಆಮೇಲೆ ಗುಂಯ್ ಅಂತ ಒಂದು ಸದ್ದು, ಹಿಂದಿನ ರಟ್ಟಿನ ತೂತುಗಳಿಂದ ಹೊಗೆ. ವಾಲ್ವಿನಿಂದ ಸ್ಪೀಕರಿಗೆ ಸದ್ದು ದಾಟಿಸುವ ತಂತಿಯ ಸುರುಳಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸುಟ್ಟೇ ಹೋಯಿತು. ಅದನ್ನು ಮತ್ತೆ ಸುತ್ತಿ ಕೊಡುವವರನ್ನು ಹುಡುಕಿಕೊಂಡು ಎರಡು ತಿಂಗಳು ಅಲೆದೆ.

ರೇಡಿಯೋ ಕೆಟ್ಟರೆ ಎಲ್ಲರೂ ವಾಲ್ವ್ ಹೋಗಿದೆ ಅಂತಾರೆ. ವಾಲ್ವ್ ಪಾಪ, ಎಷ್ಟೋ ಸಲ ಗಟ್ಟಿಮುಟ್ಟಾಗಿಯೇ ಇರುತ್ತದೆ. ಹಾಳಾಗುವುದು ಮೇಣ ಮೆತ್ತಿದ ಪೇಪರ್ ಕೆಪಾಸಿಟರ್. ಸ್ಪೀಕರ್ ನಡೆಸುವ ಇಎಲ್ 84 ವಾಲ್ವ್ ಮುಂದೆ ಅಂಥದ್ದೊಂದು ಕೂತಿರುತ್ತದೆ. ಸದ್ದನ್ನು ಮಾತ್ರ ದಾಟಿಸಿ ಡಿಸಿ ವೋಲ್ಟೇಜನ್ನು ತಡೆಯುವುದು ಅದರ ಕೆಲಸ. ವಯಸ್ಸಾಗಿ ಕಾಗದ ತೇವ ಹೀರಿಕೊಂಡಿತು ಅಂದರೆ ಡಿಸಿ ಸೋರಲು ಶುರು, ವಾಲ್ವ್ ತನ್ನ ಮಿತಿ ಮೀರಿ ಕರೆಂಟ್ ಎಳೆಯುತ್ತದೆ, ಒಳಗಿನ ಪ್ಲೇಟ್ ಕೆಂಪಗೆ ಕಾಯುತ್ತದೆ, ಆ ಕರೆಂಟೆಲ್ಲ ಹರಿಯುವ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಂತಿ ತಡೆಯಲಾರದೆ ಸುಡುತ್ತದೆ. ಕೆಲವೇ ರೂಪಾಯಿಯ ಕೆಪಾಸಿಟರ್ ಅದು. ಮೊದಲೇ ಬದಲಾಯಿಸಿದ್ದರೆ ಮುಗಿದಿತ್ತು.

ಈಗ ನಾನು ಸೀರೀಸ್ ಬಲ್ಬ್ ಇಲ್ಲದೆ ಯಾವ ಸೆಟ್ಟನ್ನೂ ಮುಟ್ಟುವುದಿಲ್ಲ. ಹಳೇ ಕಾಲದ 60 ಅಥವಾ 100 ವ್ಯಾಟಿನ ಫಿಲಮೆಂಟ್ ಬಲ್ಬ್ ಬೇಕು, ಎಲ್‌ಇಡಿ ನಡೆಯಲ್ಲ. ಕರೆಂಟ್ ಅದರ ಮೂಲಕವೇ ರೇಡಿಯೋಗೆ ಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ರೇಡಿಯೋ ಉಳಿಯುತ್ತದೆ. ಎಲ್ಲ ಸರಿ ಇದ್ದರೆ ಒಮ್ಮೆ ಜೋರಾಗಿ ಬೆಳಗಿ ಮಂಕಾಗುತ್ತದೆ. ಇನ್ನೊಂದು, ಇದು ಜೀವದ ಮಾತು: ಪ್ಲಗ್ ಕಿತ್ತ ಮೇಲೂ, ಕರೆಂಟ್ ಕೂಡಿಟ್ಟುಕೊಳ್ಳುವ ದೊಡ್ಡ ಫಿಲ್ಟರ್ ಕೆಪಾಸಿಟರ್‌ನಲ್ಲಿ 250 ವೋಲ್ಟ್, ಅದಕ್ಕಿಂತ ಜಾಸ್ತಿಯೂ ಉಳಿದಿರಬಹುದು. ಎಸಿ-ಡಿಸಿ ಎರಡಕ್ಕೂ ನಡೆಯುವ ಸೆಟ್ಟುಗಳಲ್ಲಿ ಒಳಗಿನ ಕಬ್ಬಿಣದ ಚೌಕಟ್ಟಿಗೇ (ಚಾಸಿ) ಗೋಡೆಯ ಕರೆಂಟ್ ಬಂದಿರಬಹುದು. ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಕೈ ಹಾಕಬೇಡಿ.

ಅಪ್ಪನ ಸೆಟ್ ಬಿಚ್ಚಿದಾಗ ಒಂದು ವಾಲ್ವ್ ಮೇಲಿನ ಧೂಳನ್ನು ಮೆತ್ತಗೆ ಒರೆಸಿದೆ. ಜೋರಾಗಿ ಉಜ್ಜಿದರೆ ಅಕ್ಷರವೇ ಅಳಿಸಿಹೋಗುತ್ತದೆ. ಗಾಜಿನ ಮೇಲೆ ಮಾಸಿದ ಬಿಳಿ ಬಣ್ಣದಲ್ಲಿ ಬಿಇಎಲ್ ಅಂತ ಇತ್ತು! ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮ ಬೆಂಗಳೂರಿನ ಜಾಲಹಳ್ಳಿಯ ಕಾರ್ಖಾನೆ. 1961ರಿಂದ ಅಲ್ಲಿ ರೇಡಿಯೋ ವಾಲ್ವ್ ತಯಾರಾಗುತ್ತಿದ್ದವು. ಬೆಂಗಳೂರಲ್ಲಿ ಹುಟ್ಟಿದ ವಾಲ್ವ್, ಇಷ್ಟು ವರ್ಷದ ಮೇಲೂ ಬೆಂಗಳೂರು ಸ್ಟೇಷನ್ ಹಿಡಿದುಕೊಟ್ಟಿತು. ಅದನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಕೂತಿದ್ದೆ.

ಕೇಳುವುದಕ್ಕೂ ಸ್ವಲ್ಪ ತಾಳ್ಮೆ ಬೇಕು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಎಲ್ಲವೂ ಮೀಡಿಯಂ ವೇವ್ ಮೇಲೆ ಕರ್ರೋ ಅನ್ನುತ್ತವೆ. ಅವನ್ನೆಲ್ಲ ಆರಿಸಿ. ಮೊದಲು ಮನೆಮನೆಯಲ್ಲೂ ಗೋಡೆಯಿಂದ ಗೋಡೆಗೆ ಕಟ್ಟುತ್ತಿದ್ದರಲ್ಲ, ತಾಮ್ರದ ಜಾಲರಿ ಏರಿಯಲ್, ಅದು ಸಿಕ್ಕರೆ ಕಟ್ಟಿ. ಇಲ್ಲದಿದ್ದರೆ ಹತ್ತು ಮೀಟರ್ ವೈರಾದರೂ ಸಾಕು. ಕತ್ತಲಾದ ಮೇಲೆ ಕೂತುಕೊಳ್ಳಿ. ಹಗಲು ಮೀಡಿಯಂ ವೇವನ್ನು ಹೀರಿಬಿಡುವ ಆಕಾಶದ ಪದರ ರಾತ್ರಿ ಕರಗುತ್ತದೆ, ಆಗ ದೂರದೂರದ ಸ್ಟೇಷನ್ನುಗಳು ಉಬ್ಬುತ್ತಾ ಇಳಿಯುತ್ತಾ ಬರುತ್ತವೆ.

ರಿಪೇರಿ ಮುಗಿದ ದಿನ ಸಂಜೆ ಅಮ್ಮನನ್ನು ಕರೆದೆ. ವಾಲ್ವ್ ಕಾಯುವವರೆಗೆ ಇಬ್ಬರೂ ಮಾತಾಡಲಿಲ್ಲ. ಬಿಸಿಯಾದ ಧೂಳಿನ ವಾಸನೆ ಬಂತು. ನಾನು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹುಡುಕುತ್ತಿದ್ದೆ, ಡಯಲ್ ಮೇಲೆ ಇದ್ದದ್ದು ಅಲೆಯ ಉದ್ದದ ಮೀಟರ್ ಲೆಕ್ಕ. "490ರ ಹತ್ತಿರ ನೋಡೋ, ಅಲ್ಲೇ ಬರ್ತಿತ್ತು" ಅಂದಳು ಅಮ್ಮ. ತಿರುಗಿಸಿದೆ, ಬಂತು. ಅಮ್ಮ ಎದ್ದು ಹೋಗಿ ಬೀರುವಿನಿಂದ, ಆಗ ರೇಡಿಯೋ ಇಟ್ಟುಕೊಳ್ಳಲು ಬೇಕಿದ್ದ ಲೈಸೆನ್ಸ್ ಪುಸ್ತಕ ತಂದಳು. ಅಪ್ಪ ವರ್ಷ ವರ್ಷ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಹಾಕಿಸಿಕೊಂಡು ಬಂದ ಮುದ್ರೆಗಳು, ಒಂದು ವರ್ಷವೂ ತಪ್ಪಿರಲಿಲ್ಲ. ಅದನ್ನು ರೇಡಿಯೋ ಮೇಲಿಟ್ಟು, "ಸ್ವಲ್ಪ ಜೋರು ಮಾಡು" ಅಂದಳು.