ವೀಸಾ ಬರುವ ತನಕ ಎಲ್ಲಿ, ಎಷ್ಟು ದಿನ?

ಕೇಳುಗರಿಗೆ ನಮಸ್ಕಾರ.

ಬೇರೆ ದೇಶದಲ್ಲಿ ಓದುವುದಕ್ಕೋ, ಕೆಲಸಕ್ಕೋ, ಮನೆಯವರ ಜೊತೆ ಇರುವುದಕ್ಕೋ ಹೋಗುವವರಿಗೆ ದೀರ್ಘಾವಧಿ ವೀಸಾ ಬೇಕು. ಈ ವೀಸಾವನ್ನು ಹೆಚ್ಚಿನ ದೇಶಗಳು ತಮ್ಮ ಗಡಿಯೊಳಗೆ ಕೂತವರಿಗೆ ಕೊಡುವುದಿಲ್ಲ. ಪ್ರವಾಸಿಯಾಗಿ ಹೋಗಿ, ಅಲ್ಲೇ ಕೆಲಸವೋ ಕಾಲೇಜಿನ ಸೀಟೋ ಸಿಕ್ಕಿದ ಮೇಲೂ ಹೊರಗೆ ಬರಲೇಬೇಕು. ಆ ದೇಶದ ರಾಯಭಾರ ಕಚೇರಿಗೆ ಅರ್ಜಿ ಹಾಕಿ, ವೀಸಾ ಕೈಗೆ ಬಂದ ಮೇಲೆ ಮತ್ತೆ ಒಳಗೆ ಹೋಗಬೇಕು. ಇದಕ್ಕೆ ಅಪವಾದಗಳಿವೆ. ಉದಾಹರಣೆಗೆ ಜರ್ಮನಿ ತನ್ನ ನಿಯಮದಲ್ಲಿ ಅಮೆರಿಕ, ಕೆನಡಾ, ಜಪಾನ್, ಆಸ್ಟ್ರೇಲಿಯಾದಂಥ ಕೆಲವು ದೇಶಗಳ ಪ್ರಜೆಗಳಿಗೆ ಒಳಗೆ ಬಂದ ಮೇಲೆ ವಾಸದ ಪರವಾನಗಿಗೆ ಅರ್ಜಿ ಹಾಕಲು ಬಿಡುತ್ತದೆ. ಉಳಿದವರು ಹೊರಗೆ ಕಾಯಬೇಕು. ಆ ಕಾಯುವ ದಿನಗಳನ್ನು ಹೇಗೆ ಲೆಕ್ಕ ಹಾಕಬೇಕು ಎನ್ನುವುದನ್ನು ಇವತ್ತು ಮಾತಾಡೋಣ.

ಸಲಹೆ ಕೇಳಲು ಬರುವವರು ನನ್ನನ್ನು ಮೊದಲು ಕೇಳುವ ಪ್ರಶ್ನೆ, "ವೀಸಾ ಎಷ್ಟು ದಿನಕ್ಕೆ ಬರುತ್ತೆ?" ನಾನು ತಿರುಗಿ ಕೇಳುತ್ತೇನೆ: "ತಡವಾದರೆ, ನೀವು ಕಾಯ್ತಾ ಇರೋ ದೇಶದಲ್ಲಿ ಎಷ್ಟು ದಿನ ಇರೋದಕ್ಕೆ ನಿಮಗೆ ಅನುಮತಿ ಇದೆ?" ಬಹಳಷ್ಟು ಮಂದಿ ಇದನ್ನು ಯೋಚಿಸಿಯೇ ಇರುವುದಿಲ್ಲ. ಬೇಗ ಬಂದರೆ ಇಷ್ಟು ದಿನ ಎಂಬ ಅಂದಾಜಿನ ಮೇಲೆ ಟಿಕೆಟ್ ತೆಗೆದಿರುತ್ತಾರೆ, ಬಾಡಿಗೆ ಮನೆಗೆ ಮುಂಗಡ ಕೊಟ್ಟಿರುತ್ತಾರೆ, ಕೆಲಸಕ್ಕೆ ಸೇರುವ ದಿನವನ್ನೂ ಒಪ್ಪಿಕೊಂಡಿರುತ್ತಾರೆ. ಲೆಕ್ಕ ಹಾಕಬೇಕಾದದ್ದು ಅತಿ ಹೆಚ್ಚು ಎಷ್ಟು ದಿನ ಹಿಡಿಯಬಹುದು ಎಂಬುದರಿಂದ. ಅಷ್ಟು ದಿನವೂ ನೀವು ಇರುವ ಜಾಗದಲ್ಲಿ ನಿಮ್ಮ ವಾಸ ಕಾನೂನುಬದ್ಧವಾಗಿರಬೇಕು. ನಾನು ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಯೂರೋಪಿನ ಉದಾಹರಣೆ ತೆಗೆದುಕೊಳ್ಳೋಣ. ಷೆಂಗೆನ್ ಎಂದರೆ ತಮ್ಮ ನಡುವಿನ ಗಡಿಗಳಲ್ಲಿ ಪಾಸ್‌ಪೋರ್ಟ್ ತಪಾಸಣೆ ತೆಗೆದುಹಾಕಿದ ಯೂರೋಪಿನ ದೇಶಗಳ ವಲಯ. ಅದರ ಪ್ರವಾಸಿ ವೀಸಾಕ್ಕೆ 15 ದಿನದಲ್ಲಿ ತೀರ್ಮಾನ ಆಗಬೇಕು, ಅಗತ್ಯ ಬಿದ್ದರೆ 45 ದಿನದ ತನಕ ಎಳೆಯಬಹುದು ಎಂಬ ನಿಯಮವಿದೆ. ಈ 15 ಎಂಬ ಸಂಖ್ಯೆ ಜನರ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ಅದು ಅಲ್ಪಾವಧಿ ವೀಸಾದ ನಿಯಮ. ದೀರ್ಘಾವಧಿ ವೀಸಾವನ್ನು ಕೊಡುವುದು ಆಯಾ ದೇಶ, ತನ್ನದೇ ಕಾನೂನಿನಂತೆ. ವಿದ್ಯಾರ್ಥಿಗಳು ಮತ್ತು ಸಂಶೋಧಕರ ಬಗ್ಗೆ ಯೂರೋಪಿಯನ್ ಒಕ್ಕೂಟ 2016ರಲ್ಲಿ ತಂದ ನಿರ್ದೇಶನದ ಪ್ರಕಾರ ಹೆಚ್ಚೆಂದರೆ 90 ದಿನದೊಳಗೆ ತೀರ್ಮಾನ ಹೇಳಬೇಕು. ಆ 90 ದಿನ ಶುರುವಾಗುವುದು "ಸಂಪೂರ್ಣ ಅರ್ಜಿ" ಸಲ್ಲಿಕೆಯಾದ ದಿನದಿಂದ. ಒಂದು ಕಾಗದ ಕಡಿಮೆ ಇದೆ ಎಂದು ಅಧಿಕಾರಿ ಕೇಳಿದರೆ, ನೀವು ಅದನ್ನು ಕೊಡುವ ತನಕ ಎಣಿಕೆ ನಿಂತಿರುತ್ತದೆ. ಹಾಗಾಗಿ ಅರ್ಜಿ ಕೊಟ್ಟ ದಿನದಿಂದ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಹೋದವರು, "ತೊಂಬತ್ತು ದಿನ ಆಯಿತಲ್ಲ, ಇನ್ನೂ ಬಂದಿಲ್ಲ" ಎಂದು ಕಂಗೆಡುತ್ತಾರೆ.

ಅರ್ಜಿ ಕೊಡುವ ಮೊದಲೇ ಹೋಗುವ ದಿನಗಳೂ ಇವೆ. ಅಪಾಯಿಂಟ್‌ಮೆಂಟ್ ಸಿಗಲು ವಾರಗಳು ಹಿಡಿಯಬಹುದು. ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಪದವಿ ಪತ್ರ ಇವಕ್ಕೆಲ್ಲ ಅಪೋಸ್ಟಿಲ್ ಮುದ್ರೆ, ಎಂದರೆ ಕಾಗದ ಅಸಲಿ ಎಂದು ಬೇರೆ ದೇಶದವರಿಗೆ ದೃಢಪಡಿಸುವ ಸರ್ಕಾರಿ ಮುದ್ರೆ, ಬೇಕಾಗಬಹುದು. ಆ ಮುದ್ರೆಯನ್ನು ಹಾಕುವುದು ಕಾಗದ ಹುಟ್ಟಿದ ದೇಶದವರು ಮಾತ್ರ. ನೀವು ಮೂರನೆಯ ದೇಶದಲ್ಲಿ ಕೂತು ಕಾಯುತ್ತಿದ್ದರೆ, ಮೂಲ ಪತ್ರ ಊರಿಗೆ ಹೋಗಿ, ಮುದ್ರೆ ಬಿದ್ದು, ಅಂಚೆಯಲ್ಲಿ ವಾಪಸು ಬರಬೇಕು. ಅನುವಾದವೂ ಆ ದೇಶ ಮಾನ್ಯ ಮಾಡಿದ ಅನುವಾದಕರಿಂದ ಆಗಬೇಕು. ಮುದ್ರೆ ಬಿದ್ದ ಮೇಲೆ ಅನುವಾದವೋ, ಅನುವಾದವಾದ ಮೇಲೆ ಮುದ್ರೆಯೋ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಎಷ್ಟೋ ಕಡೆ ಮುದ್ರೆಯನ್ನೂ ಅನುವಾದಿಸಿರಬೇಕು ಎನ್ನುತ್ತಾರೆ. ಕ್ರಮ ತಪ್ಪಿದರೆ ಪೂರಾ ಕೆಲಸ ಮತ್ತೆ ಮೊದಲಿನಿಂದ.

ಹಾಗೆಂದು ಬಹಳ ಮುಂಚೆ ಅರ್ಜಿ ಹಾಕಿಬಿಡೋಣ ಎಂದರೂ ಆಗುವುದಿಲ್ಲ. ಫ್ರಾನ್ಸಿನ ದೀರ್ಘಾವಧಿ ವೀಸಾಕ್ಕೆ ಪ್ರಯಾಣದ ದಿನಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ತೆಗೆದುಕೊಳ್ಳುವುದಿಲ್ಲ. ಕಾಗದಗಳಿಗೂ ವಯಸ್ಸಾಗುತ್ತದೆ. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಹಣ ಬ್ಯಾಂಕಿನಲ್ಲಿ ಸತತ 28 ದಿನ ಇರಬೇಕು, ಆ 28 ದಿನಗಳ ಕೊನೆಯ ದಿನ ಅರ್ಜಿಗೆ 31 ದಿನಕ್ಕಿಂತ ಹಿಂದಿನದಾಗಿರಬಾರದು. ಜಪಾನಿಗೆ ಹೋಗುವವರಿಗೆ ಮೊದಲು ಅಲ್ಲಿನ ವಲಸೆ ಇಲಾಖೆಯಿಂದ ಅರ್ಹತಾ ಪ್ರಮಾಣಪತ್ರ ಬರಬೇಕು. ಅದನ್ನು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ವೀಸಾ ಮಾಡಿಸಿಕೊಂಡು ಜಪಾನಿನೊಳಗೆ ಕಾಲಿಡಬೇಕು. ಒಂದು ಕಾಗದ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುವ ಪರಿಸ್ಥಿತಿ ಇದರಿಂದಲೇ ಬರುವುದು. ಬೇಗ ಹಳತಾಗುವ ಕಾಗದವನ್ನು ಕೊನೆಯಲ್ಲಿ ಮಾಡಿಸಿ, ಎಂದೂ ಹಳತಾಗದ ಪದವಿ ಪತ್ರದಂಥವನ್ನು ಮೊದಲು ಮುಗಿಸಿಕೊಳ್ಳಿ.

ಈಗ ದಿನಗಳ ಎಣಿಕೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಜನ ಹೆಚ್ಚು ಸಿಕ್ಕಿಬೀಳುವುದು ಇಲ್ಲಿಯೇ. ಕೈಯಲ್ಲಿ ಪೆನ್ನು ಇದ್ದರೆ ಬರೆದುಕೊಳ್ಳಿ. ಷೆಂಗೆನ್ ವಲಯದಲ್ಲಿ ಪ್ರವಾಸಿಯಾಗಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಒಳಗೆ ಬಂದ ದಿನವೂ ಲೆಕ್ಕಕ್ಕೆ, ಹೊರಗೆ ಹೋದ ದಿನವೂ ಲೆಕ್ಕಕ್ಕೆ. ಒಬ್ಬರು ಮಾರ್ಚ್ 1ರಂದು ಒಳಗೆ ಬಂದರು ಎನ್ನಿ. ಮಾರ್ಚಿನ 31, ಏಪ್ರಿಲಿನ 30, ಸೇರಿ 61. ಮೇ 29ಕ್ಕೆ 90 ತುಂಬಿತು. ಅವತ್ತು ರಾತ್ರಿ ಹನ್ನೆರಡರೊಳಗೆ ಹೊರಗೆ ಹೋಗಬೇಕು. ಮತ್ತೆ ಪ್ರವಾಸಿಯಾಗಿ ಬರುವುದು ಯಾವಾಗ? ಬರುವ ದಿನದಿಂದ ಹಿಂದಕ್ಕೆ, ಆ ದಿನವನ್ನೂ ಸೇರಿಸಿ, 180 ದಿನ ಎಣಿಸಿ. ಮಾರ್ಚ್ 1 ಆ ಎಣಿಕೆಯಿಂದ ಹೊರಗೆ ಬೀಳುವುದು ಆಗಸ್ಟ್ 28ರಂದು. ಅಲ್ಲಿಯ ತನಕ, ಎಂದರೆ ಮೇ 30ರಿಂದ ಆಗಸ್ಟ್ 27ರ ತನಕ, ಪೂರಾ 90 ದಿನ ಹೊರಗೆ. "ಒಂದು ವಾರ ಹೊರಗೆ ಹೋಗಿ ಬಂದರೆ ಹೊಸ ಲೆಕ್ಕ ಶುರುವಾಗುತ್ತೆ" ಎಂಬ ಮಾತನ್ನು ದಯವಿಟ್ಟು ನಂಬಬೇಡಿ.

ಇದೇ ವ್ಯಕ್ತಿಯ ದೀರ್ಘಾವಧಿ ವೀಸಾ ಜುಲೈನಲ್ಲಿ ಬಂದರೆ ಆಗಸ್ಟ್ ತನಕ ಕಾಯಬೇಕಿಲ್ಲ. ಆ ವೀಸಾದ ಮೇಲೆ ಅದನ್ನು ಕೊಟ್ಟ ದೇಶದಲ್ಲಿ ಕಳೆದ ದಿನಗಳು 90ರ ಲೆಕ್ಕಕ್ಕೆ ಸೇರುವುದಿಲ್ಲ. ವೀಸಾ ಬರಲಿಲ್ಲವೋ, ಆಗಸ್ಟ್ 28ರ ತನಕ ಹೊರಗಿರುವುದಕ್ಕೆ ಜಾಗ, ಹಣ, ಅನುಮತಿ ಮೂರೂ ಬೇಕು. ಹಿಂದೆಲ್ಲ ಇಂಥವರು ಕ್ರೊಯೇಷಿಯಾಕ್ಕೋ, ಬಲ್ಗೇರಿಯಾಕ್ಕೋ, ರೊಮೇನಿಯಾಕ್ಕೋ ಹೋಗಿ ಕೂರುತ್ತಿದ್ದರು. ಕ್ರೊಯೇಷಿಯಾ 2023ರ ಜನವರಿ 1ರಂದು ಷೆಂಗೆನ್ ಸೇರಿತು. ಬಲ್ಗೇರಿಯಾ, ರೊಮೇನಿಯಾಗಳ ವಿಮಾನ ಮತ್ತು ಸಮುದ್ರ ಗಡಿ 2024ರ ಮಾರ್ಚ್ 31ರಿಂದ, ರಸ್ತೆ ಮತ್ತು ರೈಲು ಗಡಿ 2025ರ ಜನವರಿ 1ರಿಂದ ವಲಯದೊಳಗೆ ಬಂದವು. ಈಗ ವಲಯದಲ್ಲಿ 29 ದೇಶ. ಹಳೆಯ ಸಲಹೆ ಕೇಳಿ ಅಲ್ಲಿಗೆ ಹೋದವರ ದಿನಗಳು ಹೊರಗಿನ ದಿನಗಳಾಗುವುದಿಲ್ಲ, ಒಳಗಿನವೇ ಆಗುತ್ತವೆ. ಐರ್ಲೆಂಡ್ ಮತ್ತು ಸೈಪ್ರಸ್ ಒಕ್ಕೂಟದಲ್ಲಿದ್ದರೂ ಷೆಂಗೆನ್ ಒಳಗಿಲ್ಲ. ಪಾಸ್‌ಪೋರ್ಟಿನಲ್ಲಿ ಗಡಿಯವರು ಒತ್ತಿದ ಮುದ್ರೆ ಮಸುಕಾಗಿದೆ, ಯಾರೂ ಎಣಿಸುವುದಿಲ್ಲ ಎಂದುಕೊಳ್ಳುವ ಕಾಲವೂ ಹೋಯಿತು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಹೊಸ ಗಣಕ ವ್ಯವಸ್ಥೆಯಲ್ಲಿ ಬೆರಳಚ್ಚು, ಮುಖದ ಚಿತ್ರದೊಂದಿಗೆ ನೀವು ಬಂದ ದಿನ, ಹೋದ ದಿನ ದಾಖಲಾಗುತ್ತದೆ.

ಹೊರಗೆ ಎಂದರೆ ಎಲ್ಲಿ ಬೇಕಾದರೂ ಅಲ್ಲ, ಅದನ್ನೂ ಹೇಳಬೇಕು. ಪಕ್ಕದ ದೇಶಕ್ಕೆ ಪ್ರವಾಸಿಯಾಗಿ ಹೋಗಿ ಅಲ್ಲಿನ ರಾಯಭಾರ ಕಚೇರಿಗೆ ಅರ್ಜಿ ಕೊಡೋಣ ಎಂದು ಹೊರಟವರನ್ನು, "ನೀವು ಇಲ್ಲಿನ ನಿವಾಸಿಯಲ್ಲ" ಎಂದು ಕಿಟಕಿಯಿಂದಲೇ ವಾಪಸು ಕಳಿಸುತ್ತಾರೆ. ನೀವು ಪ್ರಜೆಯಾಗಿರುವ ದೇಶ, ಇಲ್ಲವೇ ಕಾನೂನುಬದ್ಧವಾಗಿ ನೆಲೆಸಿರುವ ದೇಶ, ಅಲ್ಲಿಂದಲೇ ಅರ್ಜಿ ಹಾಕಿ ಎನ್ನುವುದು ಸಾಮಾನ್ಯ ರೂಢಿ. ಅಮೆರಿಕ ಕೂಡ 2025ರ ಸೆಪ್ಟೆಂಬರ್ 6ರಂದು ವಲಸೆಯೇತರ ವೀಸಾಗಳಿಗೆ, ಎಂದರೆ ಕಾಯಂ ನೆಲೆಸಲು ಅಲ್ಲದ ವೀಸಾಗಳಿಗೆ, ಇದನ್ನೇ ಹೇಳಿತು. ಟಿಕೆಟ್ ತೆಗೆಯುವ ಮೊದಲು ಆ ನಗರದ ರಾಯಭಾರ ಕಚೇರಿಗೆ ಬರೆದು, ನಿವಾಸಿಯಲ್ಲದವರ ಅರ್ಜಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿ, ಉತ್ತರವನ್ನು ಜೋಪಾನವಾಗಿಟ್ಟುಕೊಳ್ಳಿ. ಇದಕ್ಕೆ ನಾಚಿಕೆಪಡಬೇಡಿ, ಇಂಥ ಪ್ರಶ್ನೆ ಅವರಿಗೆ ದಿನಾ ಬರುತ್ತದೆ.

ಪಾಸ್‌ಪೋರ್ಟಿನ ವಿಷಯವಂತೂ ಮರೆಯಲೇಬಾರದು. ಎಷ್ಟೋ ಕಚೇರಿಗಳು ಅರ್ಜಿಯ ಜೊತೆ ಪಾಸ್‌ಪೋರ್ಟ್ ಇಟ್ಟುಕೊಂಡು ಒಂದು ರಸೀದಿ ಕೊಡುತ್ತವೆ. ಸ್ವಂತ ದೇಶದಲ್ಲಿದ್ದರೆ ಚಿಂತೆಯಿಲ್ಲ. ಬೇರೆ ದೇಶದಲ್ಲಿ 30 ದಿನದ ಪ್ರವಾಸಿ ಅನುಮತಿಯ ಮೇಲೆ ಇದ್ದೀರಿ ಎನ್ನಿ. ಇಪ್ಪತ್ತೈದನೆಯ ದಿನವೂ ವೀಸಾ ಬಂದಿಲ್ಲ. ಅನುಮತಿ ವಿಸ್ತರಿಸಲು ವಲಸೆ ಕಚೇರಿಗೆ ಹೋದರೆ ಅವರು ಮೊದಲು ಕೇಳುವುದು ಪಾಸ್‌ಪೋರ್ಟ್. ಪಾಸ್‌ಪೋರ್ಟ್ ರಾಯಭಾರ ಕಚೇರಿಯಲ್ಲಿದೆ. ಅದನ್ನು ವಾಪಸು ತೆಗೆದುಕೊಂಡರೆ ಅರ್ಜಿ ಹಿಂತೆಗೆದುಕೊಂಡಂತೆ ಎನ್ನುತ್ತಾರೆ. ವಾಪಸು ತೆಗೆದುಕೊಳ್ಳದಿದ್ದರೆ ಅನುಮತಿ ಮೀರಿ ಉಳಿದಂತೆ ಆಗುತ್ತದೆ, ಮುಂದೆ ಎಲ್ಲ ವೀಸಾ ಅರ್ಜಿಯಲ್ಲೂ ಆ ಪ್ರಶ್ನೆ ಎದುರಾಗುತ್ತದೆ. ಈ ಇಕ್ಕಟ್ಟಿನಲ್ಲಿ ಸಿಕ್ಕಿದವರ ಮುಖ ನೋಡುವುದು ಕಷ್ಟ. ಅದಕ್ಕೇ ಅರ್ಜಿ ಕೊಡುವ ಮುನ್ನ ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತೀರಾ, ನಡುವೆ ಕೊಡುತ್ತೀರಾ ಎಂದು ಕೇಳಿ. ಕೆಲವು ಕಡೆ ಪ್ರತಿ ಇಟ್ಟುಕೊಂಡು ಮೂಲ ವಾಪಸು ಕೊಟ್ಟು, ವೀಸಾ ಮಂಜೂರಾದ ಮೇಲೆ ಅಂಟಿಸಲು ಮಾತ್ರ ಕೇಳುತ್ತಾರೆ. ಬ್ರಿಟನ್ನಿನ ಅರ್ಜಿ ಕೇಂದ್ರಗಳಲ್ಲಿ ಹಿಂದೆ ಹಲವೆಡೆ ಶುಲ್ಕ ಕೊಟ್ಟರೆ ಪಾಸ್‌ಪೋರ್ಟ್ ಅರ್ಜಿದಾರರ ಹತ್ತಿರವೇ ಇರಲು ಬಿಡುತ್ತಿದ್ದರು.

ಕಾಯುವ ಜಾಗದಲ್ಲಿ ಲ್ಯಾಪ್‌ಟಾಪ್ ತೆರೆದು ಹಳೆಯ ಕಂಪನಿಯ ಕೆಲಸ ಮುಂದುವರಿಸಬಹುದೇ ಎಂದು ಕೇಳುತ್ತಾರೆ. ಪ್ರವಾಸಿ ಅನುಮತಿಯಲ್ಲಿ ಅದಕ್ಕೆ ಅವಕಾಶವಿಲ್ಲದ ದೇಶಗಳಿವೆ, ನೋಡಿಕೊಂಡು ಹೋಗಿ. ಆರೋಗ್ಯ ವಿಮೆ ಹೋಗಲಿರುವ ದೇಶಕ್ಕೆ ಕಾಲಿಟ್ಟ ದಿನದಿಂದ ಜಾರಿಗೆ ಬರುವಂಥದ್ದಾದರೆ, ಕಾಯುವ ದಿನಗಳಿಗೆ ಬೇರೆ ವಿಮೆ ಬೇಕು. ದಿನನಿತ್ಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರ ಚೀಟಿ ಸಮೇತ ಹೆಚ್ಚುವರಿ ಮಾತ್ರೆ ಇಟ್ಟುಕೊಳ್ಳಿ. ಟಿಕೆಟ್ ದಿನಾಂಕ ಬದಲಾಯಿಸಬಹುದಾದದ್ದೇ ಇರಲಿ, ಸ್ವಲ್ಪ ದುಬಾರಿಯಾದರೂ ಸರಿ.

ವೀಸಾ ಕೈಗೆ ಬಂದ ಕೂಡಲೇ, ಕಿಟಕಿ ಬಿಟ್ಟು ಕದಲುವ ಮೊದಲು ಓದಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಎಷ್ಟು ಸಲ ಪ್ರವೇಶ, ಮತ್ತು ಯಾವ ದಿನದಿಂದ ಊರ್ಜಿತ ಎಂಬುದು. ವೀಸಾ ಕೊಟ್ಟ ದಿನ ಒಂದು, ಶುರುವಾಗುವ ದಿನ ಇನ್ನೊಂದು ಆಗಿರುತ್ತದೆ. ನೀವು ಅರ್ಜಿಯಲ್ಲಿ ಬರೆದ ಪ್ರಯಾಣದ ದಿನವನ್ನೇ ಶುರುವಾಗುವ ದಿನವಾಗಿ ಹಾಕಿರುವುದು ಹೆಚ್ಚು. 90 ದಿನ ಖಾಲಿ ಮಾಡಿಕೊಂಡವರು ಅದಕ್ಕಿಂತ ಒಂದು ದಿನ ಮೊದಲೂ ಒಳಗೆ ಕಾಲಿಡುವಂತಿಲ್ಲ.

ಕುಟುಂಬ ಸಮೇತ ಹೊರಟವರಿಗೆ ಇನ್ನೊಂದು ಮಾತು. ಒಟ್ಟಿಗೆ ಕೊಟ್ಟ ಅರ್ಜಿಗಳು ಒಟ್ಟಿಗೆ ಬರುತ್ತವೆ ಎಂಬ ಖಾತರಿಯಿಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ವೀಸಾ ಬಂತು, ಮಗುವಿನದು ಬರಲಿಲ್ಲ. ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಒಂದು ಥರ, ತಾಯಿಯ ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ. ಒಂದಕ್ಷರದ ವ್ಯತ್ಯಾಸ. ಅದನ್ನು ಸರಿಪಡಿಸಿ ತರುವ ತನಕ ಮಗುವಿನ ಕಡತ ಮುಂದೆ ಹೋಗಲಿಲ್ಲ. ಗಂಡನಿಗೆ ಕೆಲಸಕ್ಕೆ ಸೇರುವ ದಿನ ಹತ್ತಿರ ಬಂದಿತ್ತು, ಅವರು ಮೊದಲು ಹೋದರು. ಹೆಂಡತಿ ತನ್ನ ವೀಸಾದ ಅವಧಿ ಮುಗಿಯುವ ಮೊದಲು ಹೊರಡಬೇಕು, ಮಗುವನ್ನು ಬಿಟ್ಟು ಹೊರಡುವಂತಿಲ್ಲ. ಅದೃಷ್ಟಕ್ಕೆ ಅವರು ಕಾಯುತ್ತಿದ್ದದ್ದು ತವರಿನಲ್ಲಿ, ಬಾಡಿಗೆಯ ಚಿಂತೆಯಾಗಲಿ, ಅನುಮತಿಯ ಚಿಂತೆಯಾಗಲಿ ಇರಲಿಲ್ಲ. ಹಾಗಾಗಿ ಅರ್ಜಿ ಕೊಡುವ ಮೊದಲೇ ಮನೆಯಲ್ಲಿ ಕೂತು ತೀರ್ಮಾನಿಸಿ: ಒಬ್ಬರದು ತಡವಾದರೆ ಯಾರು ಮುಂದೆ ಹೋಗುವುದು, ಯಾರು ಜೊತೆಗೆ ಉಳಿಯುವುದು, ಎಲ್ಲಿ ಉಳಿಯುವುದು. ಎಲ್ಲರ ಕಾಗದವನ್ನೂ ಪಕ್ಕಪಕ್ಕ ಹರಡಿಕೊಂಡು, ಹೆಸರುಗಳನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಅರ್ಜಿ ಕೊಟ್ಟು ಕಾಯುತ್ತಿರುವ ಎಲ್ಲರಿಗೂ ಬೇಗ ವೀಸಾ ಬರಲಿ. ನಮಸ್ಕಾರ.