ಗೊತ್ತಿರುವ ಕತೆಯನ್ನೇ ಮತ್ತೆ ಕೊಡಿ

ಕೇಳುಗರೇ, ನಮಸ್ಕಾರ. ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಅಪ್ಪ ಅಮ್ಮಂದಿರು ಇವತ್ತು ಸ್ವಲ್ಪ ಹತ್ತಿರ ಬಂದು ಕೂರಿ. ನಾನು ಶಾಲೆಯ ಲೈಬ್ರರಿ ನೋಡಿಕೊಂಡವಳು. ನೀವೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ನಮ್ಮ ಮಗು ಏನೂ ಓದಲ್ಲ ಮೇಡಂ, ಯಾವ ಪುಸ್ತಕ ಕೊಡೋಣ?" ನನ್ನದೂ ಒಂದೇ ಉತ್ತರ. ಗೊತ್ತಿರುವ ಕತೆಯನ್ನೇ ಮತ್ತೆ ಕೊಡಿ. ರಾಜಕುಮಾರಿಯ ಕತೆ, ಹಾವಿನ ಕತೆ. ಆದರೆ ಹೊಸದಾಗಿ ಹೇಳಿದ್ದನ್ನು ಕೊಡಿ.

"ಅದು ಚಿಕ್ಕ ಮಕ್ಕಳದ್ದಲ್ವಾ?" ಅನ್ನಬೇಡಿ, ದಯವಿಟ್ಟು. ನಾಲ್ಕು ವರ್ಷದ ಮಗು "ಆಮೇಲೆ?" ಅನ್ನುತ್ತದೆ. ಹದಿನಾಲ್ಕರ ಮಗು "ಯಾಕೆ?" ಅನ್ನುತ್ತದೆ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಇದ್ದಳು. ಲೈಬ್ರರಿ ಪೀರಿಯಡ್ಡಿನಲ್ಲಿ ಕಿಟಕಿ ಪಕ್ಕ ಕೂತು ಉಗುರು ಕಚ್ಚುತ್ತಿದ್ದಳು, ಅಷ್ಟೇ. ಒಂದು ದಿನ ಎ.ಕೆ. ರಾಮಾನುಜನ್ ಸಂಗ್ರಹಿಸಿದ ನಮ್ಮ ಕನ್ನಡದ್ದೇ ಕತೆ ಹೇಳಿದೆ. ಹೂವಿನ ಮರವಾಗುವ ಬಡ ಹುಡುಗಿಯ ಕತೆ. ಒಂದು ಬಿಂದಿಗೆ ನೀರನ್ನು ಉಗುರು ತಾಗಿಸದೆ ಸುರಿದರೆ ಅವಳು ಮರ. ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. "ಉಗುರು" ಅಂದಾಗ ಇವಳು ತನ್ನ ಮೊಂಡು ಬೆರಳುಗಳನ್ನು ನೋಡಿಕೊಂಡಳು. ಕತೆಯ ಹುಡುಗಿ ತಾಯಿಯ ಕಷ್ಟ ನೋಡಲಾರದೆ ಮರವಾಗುತ್ತಾಳೆ, ಹೂ ಮಾರಿ ದುಡ್ಡು ತರುತ್ತಾರೆ. ರಾಜಕುಮಾರ ಮದುವೆಯಾಗಿ, ನನಗೋಸ್ಕರ ಮರವಾಗು ಅನ್ನುತ್ತಾನೆ. ನಾದಿನಿ ತೋಟಕ್ಕೆ ಕರೆದೊಯ್ದು ಬಲವಂತದಿಂದ ಮರ ಮಾಡಿಸುತ್ತಾಳೆ. ಜೊತೆಗಿದ್ದವರು ಹೂವಿನ ಆಸೆಗೆ ಕೊಂಬೆಗಳನ್ನೇ ಮುರಿಯುತ್ತಾರೆ. ಕೊನೆಗೆ ಅವಳು ಕೈಕಾಲಿಲ್ಲದೆ ಬಿದ್ದಿರುತ್ತಾಳೆ.

ಇಲ್ಲಿಗೆ ಬಂದಾಗ ಕಿಟಕಿ ಪಕ್ಕದಿಂದ ದನಿ ಬಂತು. "ಮೇಡಂ, ಮರ ಆಗೋಕೆ ನಿಂಗಿಷ್ಟ ಇದೆಯಾ ಅಂತ ಅವಳನ್ನ ಒಬ್ರಾದ್ರೂ ಕೇಳಿದ್ರಾ?"

ಮುಂದಿನ ವಾರ ಗಣಿತದ ನೋಟ್‌ಬುಕ್ ತಂದು ನನ್ನ ಮೇಜಿನ ಮೇಲಿಟ್ಟಳು. ಹಿಂದಿನ ನಾಲ್ಕು ಪುಟಗಳಲ್ಲಿ ಅದೇ ಕತೆ, ಮರವೇ ಹೇಳಿದ ಹಾಗೆ. ಕೊಂಬೆ ಮುರಿಯುವಲ್ಲಿ ಪೆನ್ನು ಒತ್ತಿ ಒತ್ತಿ ಹಾಳೆ ಹರಿದಿತ್ತು. ಆಮೇಲೆ ಅವಳಿಗೆ ಪುಸ್ತಕ ಹುಡುಕಿ ಕೊಡುವುದೇ ನನಗೆ ಕೆಲಸವಾಯಿತು!

ಇದೇ ಕತೆಯನ್ನು ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಸಿನಿಮಾ ಮಾಡಿದರು. 2006ರಲ್ಲಿ ವಿಯೆನ್ನಾದಲ್ಲಿ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಆಗಿಯೂ ಬಂತು. ನಮ್ಮ ಅಜ್ಜಿಯರ ಕತೆ ಕಣ್ರೀ! ಅದನ್ನು ನಮ್ಮ ಮಕ್ಕಳಿಗೇ ಕೊಡದಿದ್ದರೆ ಹೇಗೆ?

ಹಳೇ ಕತೆ ಬದಲಾಯಿಸಬಾರದು ಅನ್ನುವವರಿದ್ದಾರೆ. ಜರ್ಮನಿಯ ಜನಪದ ಕತೆಗಳನ್ನು ಸಂಗ್ರಹಿಸಿದ ಗ್ರಿಮ್ ಸೋದರರೇ ಬದಲಾಯಿಸಿದ್ದಾರೆ. 1812ರ ಮೊದಲ ಮುದ್ರಣದಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. 1819ರಲ್ಲಿ ಅವಳು ಮಲತಾಯಿಯಾದಳು. ಯಾಕೆ ಅಂತ ನಿಮ್ಮ ಮಗಳನ್ನೇ ಕೇಳಿ ನೋಡಿ.

ಸಮಯ ಕಡಿಮೆ ಇದೆ, ಹೆಸರು ಬರೆದುಕೊಳ್ಳಿ. ಪಿಯುಸಿ ಮಕ್ಕಳಿಗೆ ಕಾರ್ನಾಡರ ನಾಟಕ ‘ನಾಗಮಂಡಲ’, ಹಾವಿನ ಜನಪದ ಕತೆಯನ್ನೇ ಹೊಸದಾಗಿ ಹೇಳಿದ್ದು. ಇಂಗ್ಲಿಷ್ ಓದುವವರಿಗೆ ಗೇಲ್ ಕಾರ್ಸನ್ ಲೆವಿನ್ ಅವರ ‘ಎಲಾ ಎನ್‌ಚಾಂಟೆಡ್’. ಸಿಂಡ್ರೆಲಾಳದೇ ಕತೆ. ಆದರೆ ಯಾರು ಏನು ಹೇಳಿದರೂ ಮಾಡಲೇಬೇಕು ಅನ್ನುವುದು ಈ ಹುಡುಗಿಯ ಶಾಪ. "ಸುಮ್ನೆ ಹೇಳಿದ್ದು ಕೇಳು" ಅಂತ ದಿನಾ ಕೇಳಿಸಿಕೊಳ್ಳುವ ವಯಸ್ಸಿಗೆ ಇದಕ್ಕಿಂತ ಬೇರೆ ಪುಸ್ತಕ ಬೇಕಾ?

ಯಾವುದೂ ಸಿಗಲಿಲ್ಲವೇ? ಇವತ್ತು ರಾತ್ರಿ ಊಟವಾದ ಮೇಲೆ ನಿಮಗೆ ಗೊತ್ತಿರುವ ಒಂದು ಕತೆಯನ್ನೇ ಮತ್ತೆ ಹೇಳಿ. ಮಧ್ಯೆ ಮಗು ಏನಾದರೂ ಕೇಳಿದರೆ ಬಾಯಿ ಮುಚ್ಚಿಸಬೇಡಿ. ನಮಸ್ಕಾರ.